ಕೊಯ್ಲಿನ ದಿನಾಂಕ

ಅಗ್ನಿಶಾಮಕ ಠಾಣೆಯಲ್ಲಿ ಇವತ್ತು ವಿಚಾರಣೆ.
ಕೆಂಪು ಗಾಡಿಯನ್ನು ಹೊರಗೆ ಹಿಮದಲ್ಲಿ ನಿಲ್ಲಿಸಿ
ಅದರ ಜಾಗದಲ್ಲಿ ನಲವತ್ತು ಮಡಚು ಕುರ್ಚಿ.
ಆಡಿದ್ದನ್ನೆಲ್ಲ ಅಕ್ಷರಕ್ಕಿಳಿಸುವುದು ನನ್ನ ಕೆಲಸ,
ಗಂಟೆಗಿಷ್ಟೆಂದು ಕೂಲಿ, ಮೇಲೆ ದಾರಿ ಖರ್ಚು.

ಅರ್ಜಿ ಸಂಖ್ಯೆ ಹದಿನೇಳು: ಟಾಲೋ ಕೊಲ್ಲಿಯ ಬಾಯಿಗೆ
ಬಲೆ ಕಟ್ಟಿ, ಒಳಗಿನ ನೂರು ಎಕರೆ ನೀರನ್ನು
ಮುದಿ ಬೆಲೂಗಾ ತಿಮಿಂಗಿಲವೊಂದಕ್ಕೆ ಬಿಟ್ಟುಕೊಡಬೇಕು.

ಇಂಥದಕ್ಕೆ ನಮೂನೆಯೇ ಇಲ್ಲ.
ಮೃಗಾಲಯವೆನ್ನಲು ಟಿಕೆಟಿಲ್ಲ, ಬಂದರೆನ್ನಲು ದೋಣಿಯಿಲ್ಲ,
ಕೊನೆಗೆ ಮೀನು ಸಾಕಣೆಯ ನಮೂನೆಯನ್ನೇ ತುಂಬಿದ್ದಾರೆ.
ಮರಿಗಳ ಮೂಲ: ಅನ್ವಯಿಸುವುದಿಲ್ಲ.
ವರ್ಷಕ್ಕೆ ಎಷ್ಟು ಟನ್ನು: ಸೊನ್ನೆ.
ಕೊಯ್ಲಿನ ದಿನಾಂಕ:
ಅಲ್ಲಿ ವಕೀಲೆ ಫಿಲಿಪಾ ಕ್ರೌಸ್ ಬರೀ ಗೆರೆ ಎಳೆದಿದ್ದಾಳೆ.
ಗೆರೆ ಉತ್ತರವಲ್ಲವೆಂದು ಇಲಾಖೆ ಮೂರು ಸಲ ವಾಪಸು ಕಳಿಸಿದೆ.

ಮುದಿ ಎಂದೆ. ಮೂವತ್ತೊಂದು ವರ್ಷ ಸಿಮೆಂಟಿನ ತೊಟ್ಟಿ,
ಕಡಲಿಂದ ದೂರ, ಹೆದ್ದಾರಿ ಪಕ್ಕ, ಮೋಟೆಲುಗಳ ನಡುವೆ.
ಮೂಟೆಗಟ್ಟಲೆ ಉಪ್ಪು ಸುರಿದು ಸಮುದ್ರ ತಯಾರಿಸುತ್ತಿದ್ದರಂತೆ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.
ಕಂಪನಿ ದಿವಾಳಿಯೆದ್ದಾಗ ಹರಾಜಿನ ಪಟ್ಟಿಯಲ್ಲಿ
ಅದರದು ನಲವತ್ತೆರಡನೆಯ ಸಾಲು:
ಮೇಲೆ ಎರಡು ಫ್ರೀಜರು, ಕೆಳಗೆ ಟಿಕೆಟ್ ಹರಿಯುವ ಯಂತ್ರ.
ಫ್ರೀಜರುಗಳು ಮೊದಲ ವಾರವೇ ಮಾರಿಹೋದವು.

"ನೀರು ಯಾರದು?" ಅಧ್ಯಕ್ಷರ ಪ್ರಶ್ನೆ.
ತಳದ ಮಣ್ಣು ಪ್ರಾಂತ್ಯದ್ದು. ಈಜುವುದೆಲ್ಲ ಒಟ್ಟಾವಾದವರದು.
ಭರತದ ಗೆರೆಯಿಂದ ಮೇಲಕ್ಕೆ ಹನ್ನೊಂದು ಮನೆಯವರದು.
ಆ ಗೆರೆ ಎಲ್ಲಿ ಎಂಬುದಕ್ಕೆ ಇಬ್ಬರು ಮೋಜಣಿದಾರರು, ಎರಡು ನಕ್ಷೆ;
ನಡುವೆ ಒಂದು ಹೆಜ್ಜೆ ಅಗಲದ ಮರಳು
ದಿನಕ್ಕೆರಡು ಸಲ ನೆನೆದು ಒಣಗುತ್ತದೆ
ಯಾರ ಹೆಸರಿಗೂ ಆಗದೆ.

ಕೆಸರಿನ ಪರಿಣತ ಹೇಳಿದ: ತಳದಲ್ಲಿ ಹಳೆಯ ಚಿನ್ನದ ಗಣಿಯ ಪಾಷಾಣ.
ಕಲಕದಿದ್ದರೆ ಅಪಾಯವಿಲ್ಲ.
ಬೆಲೂಗಾ ಕಲಕುತ್ತದೆಯೇ? ಬೆಲೂಗಾ ಕಲಕುತ್ತದೆ.

ಆಮೇಲೆ ಲೀಂಡರ್ ಬೂಟ್ಲಿಯರ್ ಎದ್ದ, ಟೋಪಿ ಕೈಯಲ್ಲಿ.
"ಅದರ ಮೇಲೆ ನನಗೇನೂ ಸಿಟ್ಟಿಲ್ಲ.
ಆಚೆಯ ತಿಮಿಂಗಿಲಕ್ಕೆ ಹಗ್ಗ ತೊಡರೀತೆಂದು ಆಚೆಯ ನೀರು ಮುಚ್ಚಿದಿರಿ.
ಈಚೆಯದಕ್ಕೆ ಮನೆ ಬೇಕೆಂದು ಈಚೆಯದನ್ನೂ ಮುಚ್ಚಿದರೆ
ಲಾಬ್‌ಸ್ಟರ್ ಬೋನು ಎಲ್ಲಿ ಇಳಿಸಲಿ, ಬಚ್ಚಲಲ್ಲೇ?"
ಸಭೆಯಲ್ಲಿ ನಗು, ಎಂದು ಬರೆದೆ.
ಅವನು ನಗಲಿಲ್ಲ. ಅದನ್ನು ಬರೆಯಲು ನಿಯಮವಿಲ್ಲ.

ಮಿಗ್ಮಾ ಹಿರಿಯ ಆನ್ಸೆಲ್ಮ್ ಡೆನ್ನಿ ಕೂತಲ್ಲಿಂದಲೇ ಮಾತಾಡಿದ.
"ಒಪ್ಪಂದಕ್ಕೆ ನಮ್ಮವರು ರುಜು ಹಾಕಿದ್ದು ನಿಜ.
ಈ ನೀರನ್ನು ಬರೆದುಕೊಟ್ಟಿದ್ದು ಎಲ್ಲಿ, ತೋರಿಸಿ.
ನನ್ನನ್ನು ಬಿಟ್ಟು ಬಾಡಿಗೆ ಮಾತಾಡುತ್ತಿದ್ದೀರಿ.
ಕೇಳಿದ್ದರೆ ಹೂಂ ಅಂದುಬಿಡುತ್ತಿದ್ದೆನೋ ಏನೋ."
ಮತ್ತೆ ಕಾಫಿ ಕುಡಿದ.

ಮೂರು ಗಂಟೆಗೆ ಫಿಲಿಪಾ ತೊಟ್ಟಿಯ ಧ್ವನಿಮುದ್ರಿಕೆ ಹಾಕಿದಳು.
ಒದ್ದೆ ಬೆರಳಲ್ಲಿ ಗಾಜು ತಿಕ್ಕಿದ ಹಾಗೆ, ತುಕ್ಕು ಹಿಡಿದ ಕೀಲಿನ ಹಾಗೆ,
ಒಂದು ಶಿಳ್ಳೆ. ಆಮೇಲೆ ಎಡೆಬಿಡದ ಗುಂಯ್.
"ಇದು ಪಂಪು," ಅಂದಳು. ಪಂಪು ನಿಂತಿತು.
ಗುಂಯ್ ನಿಲ್ಲಲಿಲ್ಲ.
"ಇದು ಅವಳು. ಒಳಗೆ ಜೊತೆಗಿದ್ದದ್ದು ಅದೊಂದೇ."
ಎದುರು ವಕೀಲ ಎದ್ದ: ಆಕ್ಷೇಪಣೆ, ಸಾಕ್ಷಿ ಪ್ರಮಾಣ ಮಾಡಿಲ್ಲ.

ಏಪ್ರಿಲ್ ಒಂಬತ್ತಕ್ಕೆ ಮುಂದೂಡಲಾಗಿದೆ.
ಕುರ್ಚಿ ಮಡಚಿದರು. ಗಾಡಿಯನ್ನು ಒಳಕ್ಕೆ ತಳ್ಳುವವರಲ್ಲಿ
ಲೀಂಡರನೂ ಇದ್ದ, ಫಿಲಿಪಾಳೂ.

ರಾತ್ರಿ ಮೋಟೆಲಿನಲ್ಲಿ ಪ್ರತಿ ಸಿದ್ಧಮಾಡುತ್ತ ಕೂತಿದ್ದೇನೆ.
ನಲವತ್ತೊಂದು ಸೆಕೆಂಡಿನ ಜಾಗಕ್ಕೆ ಯಂತ್ರ ಕೇಳುತ್ತಿದೆ
ಮಾತಾಡಿದವರ ಹೆಸರು; ತುಂಬದೆ ಮುಂದಿನ ಸಾಲಿಗೆ ಬಿಡುವುದಿಲ್ಲ.
ಗೆರೆ ಎಳೆದು ನೋಡಿದೆ. ಒಪ್ಪಲಿಲ್ಲ.
ಗೋಡೆಯಲ್ಲಿ ಹೀಟರು ಒಂದೇ ಸ್ವರದಲ್ಲಿ.
ಬಾಗಿಲು ಹಾಕಿದೆಯೇ ನೋಡಿಕೊಂಡು
ನಾನೂ ಮೆಲ್ಲಗೆ, ಅದರ ಜೊತೆ,
ಗುಂಯ್ ಎಂದೆ.